ಮೇಣದ ಹಡಗು ಮತ್ತು ಮೀನಿನಾಕಾರದ ನೌಕೆ

ಸಂಕ್ರಾಂತಿಯು ಸಮೀಪಿಸಿತೆಂದರೆ ನಮ್ಮ ಮನೆಗಳಲ್ಲಿ ಅಟ್ಟದ ಮೇಲಿನ ಸಕ್ಕರೆಯಚ್ಚುಗಳು ಕೆಳಗಿಳಿಯುತ್ತವೆ. ಮರದಲ್ಲಿ ಕೊರೆದ ಆ ಅಚ್ಚುಗಳು ಸಾಮಾನ್ಯವಾಗಿ ಎರಡೆರಡು ಹೋಳುಗಳಾಗಿರುತ್ತವೆ. ನೀರಿನಲ್ಲಿ ನೆನೆಯಿಸಿದ ಹೋಳುಗಳನ್ನು ಜೋಡಿಸಿ, ಬಿಗಿಯಾಗಿ ಕಟ್ಟಿ, ಹದವಾದ ಪಾಕವನ್ನೆರೆದು, ಆರಿದ ಮೇಲೆ ಬಿಡಿಸಿದರೆ ಗಿಳಿಯೋ ತೇರೋ ಆನೆಯೋ ಹೊರಬರುತ್ತದೆ. ಪಾಕದ ಹದ ತಪ್ಪಿದರೆ, ಇಲ್ಲವೆ ಹೋಳುಗಳು ಕೂಡಿದ ಸಂದು ಸಡಿಲವಾದರೆ, ಗಿಳಿಯ ಕೊಕ್ಕು ಮುರಿಯುವುದುಂಟು. ಮಕ್ಕಳು ಅದನ್ನು ತಿಂದು ತೃಪ್ತರಾಗುತ್ತಾರೆ. ನಷ್ಟವು ಅಷ್ಟಕ್ಕೆ ಮುಗಿಯಿತು. ಆದರೆ ಅಚ್ಚಿನ ಈ ವಿದ್ಯೆಯನ್ನು ಹಡಗುಗಳ ರೂಪವನ್ನು ನಿಶ್ಚಯಿಸುವುದಕ್ಕಾಗಿ ವಿನಿಯೋಗಿಸಿದ ಕಥೆಯೊಂದುಂಟು. ಅಲ್ಲಿ ತಪ್ಪಿಗೆ ತೆರಬೇಕಾದ ಬೆಲೆಯು ಮನುಷ್ಯರ ಪ್ರಾಣವೇ ಆಗಿತ್ತು. ನೀರಿನೊಳಗೆ ಸಂಚರಿಸತಕ್ಕ ಜಲಾಂತರ್ಗಾಮಿ ನೌಕೆಯ ಇಂದಿನ ಆಕಾರವು ಈ ಕಥೆಯ ಫಲವಾದುದರಿಂದ, ಅದನ್ನು ಮೊದಲಿನಿಂದ ವಾಚಕರ ಮುಂದಿಡುತ್ತೇನೆ.

ಪೂರ್ವಕಾಲದಲ್ಲಿ ಹಡಗನ್ನು ಕಟ್ಟುವವರು ತಂದೆಯಿಂದ ಮಗನಿಗೆ ಬಂದ ಅನುಭವವನ್ನೇ ನಂಬಿ ಕೆಲಸ ಮಾಡುತ್ತಿದ್ದರು. ಗಾಳಿಯು ಧರ್ಮಾರ್ಥವಾಗಿ ದೊರೆಯುತ್ತಿದ್ದ ಕಾಲದಲ್ಲಿ ಅದರಿಂದ ದೊಡ್ಡ ಬಾಧಕವಿರಲಿಲ್ಲ. ಉಗಿಯಂತ್ರವು ಹಡಗನ್ನೇರಿದ ಮೇಲೆ ಇಂತಿಷ್ಟು ವೇಗಕ್ಕೆ ಇಂತಿಷ್ಟು ಶಕ್ತಿ ಬೇಕು, ಇಂತಿಷ್ಟು ಕಲ್ಲಿದ್ದಲು ಬೇಕು ಎಂಬ ಲೆಕ್ಕವು ಅವಶ್ಯವಾಯಿತು. ಒಂದು ಹಡಗನ್ನು ಪೂರ್ತಿಯಾಗಿ ಕಟ್ಟಿ, ಅದು ಚೆನ್ನಾಗಿಲ್ಲವೆಂದು ಕಂಡುಕೊಳ್ಳುವುದು ಬಹು ದುಬಾರಿಯಾದ ಪಾಠ. ಚಿಕ್ಕ ಮಾದರಿಯನ್ನು ಎಳೆದು ನೋಡಿ ದೊಡ್ಡದರ ಗುಣವನ್ನು ತಿಳಿಯಬಹುದಲ್ಲವೆ ಎಂದು ಅನೇಕರಿಗೆ ತೋರಿತ್ತು. ಆದರೆ ಚಿಕ್ಕದು ಹೇಳಿದ ಮಾತನ್ನು ದೊಡ್ಡದಕ್ಕೆ ಅನ್ವಯಿಸುವ ಸೂತ್ರವು ತಿಳಿಯದಿದ್ದುದರಿಂದ, ವಿದ್ವಾಂಸರು ಅಂತಹ ಪ್ರಯೋಗಗಳನ್ನು ಬಾಲಲೀಲೆಯೆಂದು ಕಡೆಗಣಿಸಿದ್ದರು.

ಆ ಸೂತ್ರವನ್ನು ಕಂಡವನು ವಿಲಿಯಂ ಫ್ರೌಡ್ ಎಂಬ ಆಂಗ್ಲೇಯನು. ಇವನು ೧೮೧೦ರಲ್ಲಿ ಡೆವನ್ ಪ್ರಾಂತದ ಡಾರ್ಟಿಂಗ್‌ಟನ್ನಿನಲ್ಲಿ ಹುಟ್ಟಿದನು. ಇತಿಹಾಸಕಾರ ಜೇಮ್ಸ್ ಆಂಥನಿ ಫ್ರೌಡನು ಇವನ ತಮ್ಮ. ಮೊದಲು ಬ್ರೂನೆಲ್ ಎಂಬ ಪ್ರಖ್ಯಾತ ಎಂಜಿನಿಯರನ ಕೈಕೆಳಗೆ ರೈಲುದಾರಿಯ ಕೆಲಸವನ್ನು ಮಾಡಿ, ಬಳಿಕ ಹಡಗುಗಳ ಚಲನವನ್ನು ಅಭ್ಯಾಸಮಾಡುವುದಕ್ಕೆ ತೊಡಗಿದನು. ೧೮೬೭ರಲ್ಲಿ ಅವನು ಎರಡು ಆಕಾರಗಳ ಮಾದರಿಗಳನ್ನು ಮಾಡಿಸಿದನು. ಒಂದು ಚೂಪಾದ ತುದಿಗಳುಳ್ಳದ್ದು; ಇನ್ನೊಂದು ಮೊಂಡಾದ ತುದಿಗಳುಳ್ಳದ್ದು. ಮೊದಲನೆಯದಕ್ಕೆ ಕಾಕವೆಂದೂ ಎರಡನೆಯದಕ್ಕೆ ಹಂಸವೆಂದೂ ಅರ್ಥವಾಗುವ ಇಂಗ್ಲಿಷ್ ಹೆಸರುಗಳನ್ನಿಟ್ಟನು. ಒಂದೊಂದನ್ನೂ ೩, ೬ ಮತ್ತು ೧೨ ಅಡಿಗಳ ಮೂರು ಅಳತೆಗಳಲ್ಲಿ ರಚಿಸಿ, ಉಗಿದೋಣಿಗೆ ಕಟ್ಟಿ ಡಾರ್ಟ್ ನದಿಯಲ್ಲಿ ಎಳೆಯಿಸಿದನು.

ಮಹಾಭಾರತದ ಕರ್ಣಪರ್ವದಲ್ಲಿ ಬರುವ ಹಂಸಕಾಕೀಯ ಉಪಾಖ್ಯಾನವು ನಮ್ಮ ವಾಚಕರಿಗೆ ಪರಿಚಿತವಾದುದೇ. ಅಲ್ಲಿ ಜಂಬದ ಕಾಗೆಯು ಸಮುದ್ರದ ಮೇಲೆ ಸೋಲುತ್ತದೆ. ಇಲ್ಲಿಯ ತೀರ್ಪು ಅಷ್ಟು ಸರಳವಾಗಿರಲಿಲ್ಲ. ಮಂದವೇಗದಲ್ಲಿ ಕಾಕಕ್ಕೆ ನೀರಿನ ತಡೆ ಕಡಿಮೆ. ವೇಗವು ಹೆಚ್ಚಿದಂತೆ ಹಂಸವೇ ಮೇಲಾಯಿತು. ಎಲ್ಲ ವೇಗಗಳಿಗೂ ಶ್ರೇಷ್ಠವಾದ ಒಂದೇ ಆಕಾರವುಂಟೆಂಬ ಆಗಿನ ನಂಬಿಕೆಯು ಇದರಿಂದ ಮುರಿದುಬಿದ್ದಿತು. ಇದಕ್ಕಿಂತ ಮುಖ್ಯವಾದ ಸಂಗತಿ ಇನ್ನೊಂದಿತ್ತು. ಒಂದೇ ಆಕಾರದ ಚಿಕ್ಕ ದೊಡ್ಡ ಮಾದರಿಗಳನ್ನು ಅವುಗಳ ಉದ್ದದ ವರ್ಗಮೂಲಕ್ಕೆ ಅನುಗುಣವಾದ ವೇಗಗಳಲ್ಲಿ ಎಳೆದರೆ, ಅವು ಎಬ್ಬಿಸುವ ಅಲೆಗಳ ವಿನ್ಯಾಸವು ಒಂದೇ ಆಗಿರುತ್ತಿತ್ತು. ದೃಷ್ಟಾಂತಕ್ಕಾಗಿ, ೧೯೨ ಅಡಿ ಉದ್ದದ ಹಡಗಿಗೆ ೧೨ ಅಡಿಯ ಮಾದರಿಯನ್ನು ಮಾಡಿದೆವೆನ್ನೋಣ. ಉದ್ದವು ಹದಿನಾರನೆಯ ಒಂದು ಪಾಲು; ಆದಕಾರಣ ವೇಗವು ನಾಲ್ಕನೆಯ ಒಂದು ಪಾಲು. ಹಡಗು ೧೨ ನಾಟ್ ವೇಗದಲ್ಲಿ ಹೋಗುವಾಗ ಏಳುವ ಅಲೆಗಳನ್ನು ಮಾದರಿಯು ೩ ನಾಟ್ ವೇಗದಲ್ಲಿಯೇ ತೋರಿಸುತ್ತದೆ. ಆಗ ಅಲೆಗಳಿಂದುಂಟಾಗುವ ತಡೆಯು ಹದಿನಾರರ ಘನದಷ್ಟು, ಎಂದರೆ ೪,೦೯೬ ಪಾಲು ಹೆಚ್ಚುತ್ತದೆ. ನೀರಿನ ಉಜ್ಜುವಿಕೆಯಿಂದಾಗುವ ತಡೆಯು ಮಾತ್ರ ಈ ನಿಯಮಕ್ಕೆ ಒಳಪಡುವುದಿಲ್ಲ. ಅದನ್ನು ಫ್ರೌಡನು ಬೇರೆ ಬೇರೆ ಉದ್ದದ ಹಲಗೆಗಳನ್ನು ನೀರಿನಲ್ಲೆಳೆದು ಪ್ರತ್ಯೇಕವಾಗಿ ಅಳೆದನು. ತಡೆಯನ್ನು ಹೀಗೆ ಎರಡಾಗಿ ವಿಭಜಿಸಿದುದೇ ಅವನ ಬುದ್ಧಿಯ ಸಾರವೆನ್ನಬಹುದು.

ಇಂಗ್ಲೆಂಡಿನ ನೌಕಾಖಾತೆಯವರು, ಮುಖ್ಯ ನೌಕಾಶಿಲ್ಪಿಯಾಗಿದ್ದ ಎಡ್ವರ್ಡ್ ರೀಡನ ಬೆಂಬಲದಿಂದ, ೧೮೭೦ರ ಆದಿಭಾಗದಲ್ಲಿ ಫ್ರೌಡನ ಪ್ರಯೋಗಗಳಿಗಾಗಿ ೨,೦೦೦ ಪೌಂಡುಗಳನ್ನು ಮಂಜೂರುಮಾಡಿದರು. ಆಗ ನೌಕಾಖಾತೆಯ ಮಂತ್ರಿಯಾಗಿದ್ದವನು ಹ್ಯೂ ಚೈಲ್ಡರ್ಸ್. ಅದೇ ವರ್ಷ ನಡೆದ ಒಂದು ದುರಂತವನ್ನು ಇಲ್ಲಿ ಹೇಳದೆ ಇರುವಂತಿಲ್ಲ. ಕೌಪರ್ ಕೋಲ್ಸ್ ಎಂಬ ನೌಕಾಧಿಕಾರಿಯು ತಿರುಗುಗೋಪುರಗಳಲ್ಲಿ ಫಿರಂಗಿಗಳನ್ನಿಟ್ಟ ‘ಕ್ಯಾಪ್ಟನ್’ ಎಂಬ ಯುದ್ಧನೌಕೆಯನ್ನು ಕಲ್ಪಿಸಿದ್ದನು. ಪತ್ರಿಕೆಗಳೂ ಸಾರ್ವಜನಿಕರೂ ಅವನ ಪಕ್ಷವನ್ನೇ ಹಿಡಿದಿದ್ದರು. ನೌಕೆಯು ಅಪಾಯಕರವಾದುದೆಂದು ರೀಡನು ಎಚ್ಚರಿಸಿದರೂ ಆ ಮಾತು ನಡೆಯಲಿಲ್ಲ. ಕಟ್ಟಿ ಮುಗಿದಾಗ ಅದರ ತೂಕವು ಉದ್ದೇಶಿಸಿದುದಕ್ಕಿಂತ ಹೆಚ್ಚಾಗಿ, ನೀರಿನ ಮೇಲೆ ೮ ಅಡಿ ಎತ್ತರವಿರಬೇಕಾದ ಪಾರ್ಶ್ವವು ಆರೂವರೆ ಅಡಿ ಮಾತ್ರ ಉಳಿದಿತ್ತು. ಅದರ ಮೇಲೆ ಭಾರವಾದ ಕೂವೆಮರಗಳೂ ಹಾಯಿಗಳೂ ಇದ್ದವು. ೧೮೭೦ನೆಯ ಸೆಪ್ಟೆಂಬರ್ ೭ನೆಯ ತಾರೀಖು, ನಡುರಾತ್ರಿ ಕಳೆದ ಸ್ವಲ್ಪ ಹೊತ್ತಿಗೆ, ಸ್ಪೇನ್ ದೇಶದ ಫಿನಿಸ್ಟರ್ ಭೂಶಿರದ ಬಳಿ ಬಿರುಗಾಳಿಗೆ ಸಿಕ್ಕಿ ಅದು ಮಗುಚಿಕೊಂಡಿತು. ೪೭೦ಕ್ಕೂ ಹೆಚ್ಚು ಮಂದಿ ಜಲಸಮಾಧಿಯಾದರು. ಕೋಲ್ಸನೂ ಅವರಲ್ಲೊಬ್ಬನು. ಮಂತ್ರಿಯಾದ ಚೈಲ್ಡರ್ಸನು ಆ ನೌಕೆಯ ಮೇಲಣ ವಿಶ್ವಾಸದಿಂದ ತನ್ನ ಮಗನನ್ನೇ ಅದಕ್ಕೆ ವರ್ಗಾಯಿಸಿದ್ದನು. ಆ ತರುಣನೂ ಮರಳಲಿಲ್ಲ. ಈ ವಿಪತ್ತು ತೂಕ ಮತ್ತು ಸ್ಥಿರತೆಗಳಿಗೆ ಸಂಬಂಧಿಸಿದುದೇ ಹೊರತು ನೀರಿನ ತಡೆಗೆ ಸಂಬಂಧಿಸಿದುದಲ್ಲ. ಆದರೂ ಜನರ ಮೆಚ್ಚುಗೆಯು ಸಮುದ್ರಕ್ಕೆ ಪ್ರಮಾಣವಾಗಲಾರದೆಂಬುದನ್ನು ಅದು ಎಲ್ಲರಿಗೂ ಮನಗಾಣಿಸಿತು.

ಮರುವರ್ಷ, ೧೮೭೧ರಲ್ಲಿ, ಫ್ರೌಡನು ‘ಗ್ರೇಹೌಂಡ್’ ಎಂಬ ಸುಮಾರು ೧೭೨ ಅಡಿ ಉದ್ದದ ನಿಜವಾದ ಹಡಗನ್ನೇ ‘ಆಕ್ಟಿವ್’ ಎಂಬ ಮತ್ತೊಂದರಿಂದ ಎಳೆಯಿಸಿ, ಅದರ ತಡೆಯನ್ನು ಅಳೆದನು. ಮಾದರಿಯಿಂದ ಗಣಿಸಿದ ಫಲವು ಅದಕ್ಕೆ ಹೊಂದಿಕೊಂಡಿತು. ಟಾರ್ಕಿ ಎಂಬ ಊರಿನಲ್ಲಿ ಅವನ ಮನೆಯ ಸಮೀಪದಲ್ಲಿಯೇ ೨೭೮ ಅಡಿ ಉದ್ದದ ತೊಟ್ಟಿಯು ಸಿದ್ಧವಾಗಿ, ೧೮೭೨ರಲ್ಲಿ ಪ್ರಯೋಗಗಳು ಆರಂಭವಾದವು. ನೀರಿನ ಮೇಲುಗಡೆ ಹಳಿಗಳು, ಹಳಿಗಳ ಮೇಲೆ ಉಗಿಯಂತ್ರವು ಹಗ್ಗದಿಂದೆಳೆಯುವ ಬಂಡಿ, ಬಂಡಿಯ ಕೆಳಗೆ ಮಾದರಿ: ಇದು ಅಲ್ಲಿಯ ಏರ್ಪಾಡು.

ಇನ್ನು ಆ ಮಾದರಿಗಳನ್ನು ಮಾಡುತ್ತಿದ್ದ ಕ್ರಮವನ್ನು ನೋಡೋಣ. ಫ್ರೌಡನು ಮರವನ್ನು ಬಿಟ್ಟು ಪ್ಯಾರಾಫಿನ್ ಮೇಣವನ್ನು ಆರಿಸಿಕೊಂಡನು. ಅದು ನೀರನ್ನು ಹೀರುವುದಿಲ್ಲ, ಕೆತ್ತಲು ಸುಲಭ, ಕೆಲಸ ತೀರಿದ ಮೇಲೆ ಕರಗಿಸಿ ಮತ್ತೆ ಉಪಯೋಗಿಸಬಹುದು. ಮೊದಲು ಪೆಟ್ಟಿಗೆಯಲ್ಲಿ ತುಂಬಿದ ಜೇಡಿಮಣ್ಣಿನಲ್ಲಿ ಹಡಗಿನ ಹೊರಮೈಯ ಅಚ್ಚನ್ನು, ಬೇಕಾದುದಕ್ಕಿಂತ ತುಸು ದೊಡ್ಡದಾಗಿ, ತೋಡುತ್ತಿದ್ದರು. ಬಳಿಕ ತೆಳುವಾದ ರೀಪುಗಳಿಂದ ಹಂದರವನ್ನು ಕಟ್ಟಿ, ನಮ್ಮ ಕಲ್ಲಿಕೋಟೆಯಿಂದ ಹೆಸರು ಪಡೆದ ಕ್ಯಾಲಿಕೋ ಬಟ್ಟೆಯನ್ನು ಅದಕ್ಕೆ ಹೊದಿಸಿ, ಮೇಲೆ ಲೇಪವನ್ನು ಬಳಿದು, ಒಳದಿಂಡನ್ನು ಸಿದ್ಧಪಡಿಸಿ ಅಚ್ಚಿನೊಳಗೆ ಇಳಿಬಿಡುತ್ತಿದ್ದರು. ಅಚ್ಚಿಗೂ ದಿಂಡಿಗೂ ನಡುವಣ ತೆರಪಿನಲ್ಲಿ ಕರಗಿದ ಮೇಣವನ್ನು ಎರೆದರೆ, ಆರಿದ ಮೇಲೆ ಟೊಳ್ಳಾದ ಒಡಲು ದೊರೆಯುತ್ತಿತ್ತು. ಅದನ್ನು ಬೋರಲಾಗಿಸಿ ಯಂತ್ರಕ್ಕೆ ಕಟ್ಟುತ್ತಿದ್ದರು. ಕೆಲಸಗಾರನು ಪಟದಲ್ಲಿಯ ರೇಖೆಯ ಮೇಲೆ ಮುಳ್ಳನ್ನು ನಡೆಸಿದಂತೆಲ್ಲ, ಎರಡು ಪಕ್ಕಗಳಲ್ಲಿ ತಿರುಗುತ್ತಿರುವ ಅಲಗುಗಳು ಅದೇ ರೇಖೆಯನ್ನು ಮೇಣದಲ್ಲಿ ಕೊರೆಯುತ್ತಿದ್ದವು. ಹೀಗೆ ಹಂತಹಂತವಾಗಿ ಬಿದ್ದ ಗೀರುಗಳ ತಳದವರೆಗೆ ಉಳಿದ ಮೇಣವನ್ನು ಕೈಯಿಂದ ಹೆರೆದು ನುಣುಪುಮಾಡಿದರೆ ಮಾದರಿಯು ಮುಗಿಯಿತು.

ಮೇಣವೂ ಮಣ್ಣೂ ಸೇರಿದ ಈ ವಿಧಾನವನ್ನು ಓದುವಾಗ ಮಾನಸೋಲ್ಲಾಸದ ನೆನಪು ಬರುವುದು ಸಹಜ. ೧೨ನೆಯ ಶತಮಾನದಲ್ಲಿ ಕಲ್ಯಾಣದ ಚಾಲುಕ್ಯ ಚಕ್ರವರ್ತಿ ಮೂರನೆಯ ಸೋಮೇಶ್ವರನು ಆ ಗ್ರಂಥದಲ್ಲಿ ಲೋಹಪ್ರತಿಮೆಯನ್ನು ಎರಕಹೊಯ್ಯುವ ಕ್ರಮವನ್ನು ವಿವರಿಸಿದ್ದಾನೆ. ಮೇಣದಲ್ಲಿ ಪ್ರತಿಮೆಯನ್ನು ಮಾಡಿ, ಮಣ್ಣನ್ನು ಬಳಿದು, ಕಾಯಿಸಿ ಮೇಣವನ್ನು ಹೊರಗೆ ಹರಿಯಿಸಿ, ಆ ಪೊಳ್ಳಿನಲ್ಲಿ ಲೋಹವನ್ನು ತುಂಬುವುದು ಅದರ ಸಾರ. ಅಲ್ಲಿ ಮೇಣವು ಅಳಿದು ಲೋಹವು ಉಳಿಯುತ್ತದೆ. ಫ್ರೌಡನಲ್ಲಿ ಮಣ್ಣು ಕಳೆದು ಮೇಣವೇ ಉಳಿಯುತ್ತದೆ. ಉದ್ದೇಶಗಳೂ ಭಿನ್ನ: ಒಂದು ಪೂಜೆಗೆ, ಇನ್ನೊಂದು ಪರೀಕ್ಷೆಗೆ. ಹೋಲಿಕೆಯನ್ನು ಇದಕ್ಕಿಂತ ಮುಂದಕ್ಕೆಳೆದು, ಎಲ್ಲವೂ ನಮ್ಮಲ್ಲಿ ಮೊದಲೇ ಇತ್ತೆಂದು ಹೇಳುವುದು ಸತ್ಯಕ್ಕೆ ಅಪಚಾರವಾದೀತು. ಕೈಯ ಕುಶಲತೆಯು ಎರಡು ದೇಶಗಳಲ್ಲಿಯೂ ಇದ್ದಿತು. ಅದಕ್ಕೆ ಗಣಿತವು ಕೂಡಿದ್ದು ಟಾರ್ಕಿಯ ತೊಟ್ಟಿಯಲ್ಲಿ.

ಫ್ರೌಡನು ೧೮೭೯ರಲ್ಲಿ ದಕ್ಷಿಣ ಆಫ್ರಿಕದ ಸೈಮನ್ಸ್‌ಟೌನಿನಲ್ಲಿ ತೀರಿಕೊಂಡನು. ಅವನ ಮಗ ರಾಬರ್ಟ್ ಎಡ್ಮಂಡ್ ಫ್ರೌಡನು ೧೮೮೬ರಲ್ಲಿ ಈ ಕಾರ್ಯವನ್ನು ಹ್ಯಾಸ್ಲರಿನ ಹೊಸ ತೊಟ್ಟಿಗೆ ಸಾಗಿಸಿದನು. ಕ್ರಮೇಣ ಇತರ ದೇಶಗಳೂ ಇಂತಹ ತೊಟ್ಟಿಗಳನ್ನು ಕಟ್ಟಿದವು.

ಜಲಾಂತರ್ಗಾಮಿ ನೌಕೆಯ ವಿಷಯಕ್ಕೆ ಬಂದರೆ, ಅಲ್ಲಿಯೂ ಒಬ್ಬ ಉಪಾಧ್ಯಾಯನ ಹೆಸರು ಮುಂದೆ ನಿಲ್ಲುವುದು ನನ್ನಂತಹವನಿಗೆ ಸಂತೋಷಕರ. ಜಾನ್ ಹಾಲೆಂಡ್ ಎಂಬವನು ಐರ್ಲೆಂಡಿನಲ್ಲಿ ಹುಟ್ಟಿ, ಅಲ್ಲಿ ಪಾಠ ಹೇಳಿ, ೧೮೭೩ರಲ್ಲಿ ಅಮೆರಿಕಕ್ಕೆ ಹೋಗಿ ಅಲ್ಲಿಯೂ ಶಾಲಾಮಾಸ್ತರನಾಗಿದ್ದನು. ಅವನು ೧೮೯೭ರಲ್ಲಿ ನೀರಿಗಿಳಿಸಿದ ಸುಮಾರು ೫೪ ಅಡಿ ಉದ್ದದ ನೌಕೆಯನ್ನು ಅಮೆರಿಕದ ನೌಕಾದಳವು ೧೯೦೦ರಲ್ಲಿ ಕೊಂಡುಕೊಂಡಿತು. ಅದರ ಒಡಲು ಮೀನಿನಂತೆ ನಡುವೆ ದುಂಡಗಾಗಿ ಹಿಂದಕ್ಕೆ ಸಪೂರವಾಗಿತ್ತು. ಆದರೆ ಮುಂದಿನ ಅರ್ಧ ಶತಮಾನದ ಶಿಲ್ಪಿಗಳು ಆ ಆಕಾರವನ್ನು ಬಿಟ್ಟುಬಿಟ್ಟರು. ಇದಕ್ಕೆ ಕಾರಣವುಂಟು. ಆ ಕಾಲದ ನೌಕೆಗಳು ಬಹುಪಾಲು ನೀರಿನ ಮೇಲೆಯೇ ಸಂಚರಿಸಿ, ಶತ್ರುವು ಕಂಡಾಗ ಮಾತ್ರ ಮುಳುಗುತ್ತಿದ್ದವು. ಮೇಲೆ ಹೋಗುವಾಗ ಅಲೆಯನ್ನು ಸೀಳುವ ಚೂಪಾದ ಮೂತಿಯೂ ಉದ್ದವಾದ ಒಡಲೂ ಬೇಕು. ಎರಡನೆಯ ಮಹಾಯುದ್ಧದ ಅಮೆರಿಕದ ‘ಗಾಟೊ’ ವರ್ಗದ ನೌಕೆಗಳು ಸುಮಾರು ೩೧೨ ಅಡಿ ಉದ್ದವಾಗಿದ್ದು, ಮೇಲೆ ೨೧ ನಾಟ್ ವೇಗದಲ್ಲಿ ಹೋಗುತ್ತಿದ್ದರೂ ಮುಳುಗಿದಾಗ ೯ ನಾಟ್ ಮಾತ್ರ ಹೋಗುತ್ತಿದ್ದವು.

ಆಳದಲ್ಲಿ ಅಲೆಗಳಿಲ್ಲ. ಅಲ್ಲಿ ಉಳಿಯುವುದು ಮೈಯ ಉಜ್ಜುವಿಕೆ ಮತ್ತು ಹಿಂಬದಿಯ ಸುಳಿ ಮಾತ್ರ. ಉಜ್ಜುವಿಕೆಯನ್ನು ತಗ್ಗಿಸಬೇಕಾದರೆ ಒಡಲು ಗಿಡ್ಡಗೆ ದಪ್ಪವಾಗಿರಬೇಕು. ಸುಳಿಯನ್ನು ತಗ್ಗಿಸಬೇಕಾದರೆ ನೀಳವಾಗಿರಬೇಕು. ಈ ಎರಡರ ಮಧ್ಯಮಮಾರ್ಗವು ಎಲ್ಲಿದೆಯೆಂಬುದನ್ನು ಮಾದರಿಯೇ ಹೇಳಬೇಕು. ಮೇರಿಲೆಂಡ್ ಸಂಸ್ಥಾನದ ಕಾರ್ಡರಾಕಿನಲ್ಲಿರುವ ಡೇವಿಡ್ ಟೇಲರ್ ಹೆಸರಿನ ತೊಟ್ಟಿಯಲ್ಲಿ, ಕ್ರಮವಾಗಿ ಬದಲಿಸಿದ ೨೪ ದುಂಡು ಆಕಾರಗಳನ್ನು ಎಳೆದು ನೋಡಿ, ೧೯೫೦ರಲ್ಲಿ ಫಲಿತಾಂಶವನ್ನು ವರದಿಮಾಡಿದರು. ಉದ್ದವು ದಪ್ಪದ ಆರೇಳು ಪಾಲು ಇದ್ದರೆ ತಡೆಯು ಅತ್ಯಲ್ಪವೆಂದು ಕಂಡುಬಂದಿತು. ಈ ಜ್ಞಾನವನ್ನು ಆಧರಿಸಿ ಕಟ್ಟಿದ ‘ಆಲ್ಬಕೋರ್’ ನೌಕೆಯು ೧೯೫೩ರ ಆಗಸ್ಟ್ ೧ರಂದು ನೀರಿಗಿಳಿಯಿತು. ಸುಮಾರು ೨೦೫ ಅಡಿ ಉದ್ದ, ೨೭ ಅಡಿ ದಪ್ಪದ ಆ ನೌಕೆಯ ವೇಗವು ನೀರಿನೊಳಗೆ ಕಡೆಕಡೆಗೆ ೩೦ ನಾಟನ್ನೂ ಮೀರಿತು. ಉಪಾಧ್ಯಾಯ ಹಾಲೆಂಡನ ಮೀನು ಐವತ್ತು ವರ್ಷಗಳ ತರುವಾಯ ಹೀಗೆ ಪ್ರಮಾಣಸಹಿತವಾಗಿ ಮರಳಿ ಬಂದಿತು. ಆಲ್ಬಕೋರ್ ಈಗ ನ್ಯೂ ಹ್ಯಾಂಪ್‌ಶೈರಿನ ಪೋರ್ಟ್ಸ್‌ಮತ್ತಿನಲ್ಲಿ ಪ್ರದರ್ಶನವಸ್ತುವಾಗಿದೆ.

ಇಂದು ಹವ್ಯಾಸಕ್ಕಾಗಿ ಇಂತಹ ನೌಕೆಯ ಮಾದರಿಯನ್ನು ಮನೆಯಲ್ಲಿಯೇ ಮಾಡುವವರಿದ್ದಾರೆ. ಅವರು ಮೊದಲು ಮರದ ಮೂಲರೂಪವನ್ನು ಕಡೆದು ಕನ್ನಡಿಯಂತೆ ನುಣುಪುಮಾಡುತ್ತಾರೆ. ಅದರ ಮೇಲಿನ ಒಂದು ಗೀರು ಮುಂದೆ ಅಚ್ಚಿನಿಂದ ತೆಗೆಯುವ ಪ್ರತಿಯೊಂದು ಒಡಲಿನ ಮೇಲೂ ಕಾಣಿಸಿಕೊಳ್ಳುತ್ತದೆ. ಅದಕ್ಕೆ ಮೇಣವನ್ನು ಉಜ್ಜಿ, ಸರಿಯಾಗಿ ಅರ್ಧದವರೆಗೆ ಮಣ್ಣಿನಲ್ಲಿ ಹೂಳಿ, ಮೇಲಣ ಅರ್ಧಕ್ಕೆ ಗಾಜಿನ ನೂಲಿನ ಬಟ್ಟೆಯನ್ನೂ ಗಟ್ಟಿಯಾಗುವ ರಾಳವನ್ನೂ ಪದರಪದರವಾಗಿ ಹಚ್ಚುತ್ತಾರೆ. ಅದು ಬಲಿತ ಮೇಲೆ ತಿರುವಿ ಹಾಕಿ, ಮಣ್ಣನ್ನು ತೆಗೆದು, ಇನ್ನೊಂದು ಅರ್ಧದ ಅಚ್ಚನ್ನೂ ಹಾಗೆಯೇ ಮಾಡುತ್ತಾರೆ. ಸೀಳುವ ಗೆರೆಯು ಒಡಲಿನ ಅತ್ಯಂತ ಅಗಲವಾದ ಎಡೆಯಲ್ಲಿಯೇ ಬರಬೇಕು. ಇಲ್ಲದಿದ್ದರೆ ಅಚ್ಚು ಕಚ್ಚಿಕೊಂಡು ಬಿಡುವುದಿಲ್ಲ. ಆಲ್ಬಕೋರನ್ನು ೪೮ನೆಯ ಒಂದು ಪಾಲಿಗೆ ಇಳಿಸಿದರೆ ಉದ್ದವು ಸುಮಾರು ೪ ಅಡಿ ೩ ಅಂಗುಲ. ತೂಕವಾದರೋ ೪೮ರ ಘನದಂತೆ ೧,೧೦,೫೯೨ನೆಯ ಒಂದು ಪಾಲಿಗಿಳಿಯುತ್ತದೆ. ನೌಕೆಯ ೧,೫೦೦ ಟನ್ನುಗಳಿಗೆ ಮಾದರಿಯದು ೧೪ ಕಿಲೋಗ್ರಾಂಗಳ ಆಸುಪಾಸು ಆಗುತ್ತದೆ.

ಕೊನೆಗೆ ಒಂದು ಎಚ್ಚರಿಕೆಯ ಮಾತು. ೧೯೬೩ರ ಏಪ್ರಿಲ್ ೧೦ರಂದು ‘ಥ್ರೆಷರ್’ ಎಂಬ ಅಮೆರಿಕದ ನೌಕೆಯು ಅಟ್ಲಾಂಟಿಕ್ ಸಾಗರದಲ್ಲಿ ಆಳದ ಪರೀಕ್ಷೆಗೆಂದು ಇಳಿದು ೧೨೯ ಮಂದಿಯೊಡನೆ ನಾಶವಾಯಿತು. ಅದರ ಆಕಾರವು ಈ ಹೊಸ ಶಾಸ್ತ್ರವನ್ನು ಅನುಸರಿಸಿದುದೇ, ಆಕಾರದಲ್ಲಿ ದೋಷವಿರಲಿಲ್ಲ. ಸಮುದ್ರದ ನೀರನ್ನು ಒಯ್ಯುವ ಕೊಳವೆಯ ಬೆಸುಗೆಯೊಂದು ಬಿಟ್ಟಿರಬೇಕೆಂದು ವಿಚಾರಣಾಮಂಡಲಿಯು ಅಭಿಪ್ರಾಯಪಟ್ಟಿತು. ಮಾದರಿಯು ನಾವು ಕೇಳಿದ ಪ್ರಶ್ನೆಗೆ ಮಾತ್ರ ಉತ್ತರವನ್ನು ಕೊಡುತ್ತದೆ. ನೀರಿನ ತಡೆಯೆಷ್ಟೆಂದು ಕೇಳಿದರೆ ಅದನ್ನು ಹೇಳುತ್ತದೆ. ಬೆಸುಗೆ ನಿಲ್ಲುವುದೆ ಎಂಬುದನ್ನು ಬೆಸುಗೆಯನ್ನೇ ಕೇಳಬೇಕು. ಫ್ರೌಡನು ತನ್ನ ಮೇಣದ ಹಡಗನ್ನು ಕಣ್ಣುಮುಚ್ಚಿ ನಂಬದೆ, ಗ್ರೇಹೌಂಡನ್ನು ಸಮುದ್ರಕ್ಕೆ ಒಯ್ದು ಎಳೆಯಿಸಿ ನೋಡಿದ್ದು ಈ ವಿವೇಕದಿಂದಲೇ. ಆಟಿಕೆಯೆಂದು ಚಿಕ್ಕದನ್ನು ತಿರಸ್ಕರಿಸಿದವರು ಒಂದು ಬಗೆಯಲ್ಲಿ ತಪ್ಪಿದರು. ಚಿಕ್ಕದರಿಂದಲೇ ಸಮಸ್ತವೂ ತಿಳಿಯಿತೆಂದುಕೊಳ್ಳುವವರು ಇನ್ನೊಂದು ಬಗೆಯಲ್ಲಿ ತಪ್ಪುತ್ತಾರೆ. ಮಕ್ಕಳಿಗೆ ಯಾವ ಶಾಸ್ತ್ರವನ್ನು ಕಲಿಸುವಾಗಲೂ ಈ ಎರಡನ್ನೂ ಒಟ್ಟಿಗೆ ಹೇಳಿಕೊಡುವುದು ಹಿರಿಯರ ಕರ್ತವ್ಯವೆಂದು ನಾನು ಭಾವಿಸುತ್ತೇನೆ.