ತೋಳಿನ ಬಲ, ತೋಳಿನ ಗಾಯ

ಬಲಶಾಲಿಯ ಕತೆ ಕೇಳುವಾಗ ನಮ್ಮ ಮನಸ್ಸು ಅವನ ದುರ್ಬಲ ಜಾಗವನ್ನೇ ಹುಡುಕುತ್ತಿರುತ್ತದೆ. ದುರ್ಯೋಧನನೆಂದರೆ ಗದೆಯಷ್ಟೇ ತೊಡೆಯೂ ನೆನಪಾಗುತ್ತದೆ. ಜಪಾನಿನ ಅನಿಮೆ ಚಿತ್ರಗಳ ಅದ್ಭುತಲೋಕದಲ್ಲೂ ಇದೇ ಸೂತ್ರವಿದೆ. ಆದರೆ ಅಲ್ಲಿ ಅದರ ಹಿಂದೆ ಆ ದೇಶದ ಚರಿತ್ರೆಯೂ ನಿಂತಿದೆ.

ಒಸಾಮು ತೆಜುಕಾ ಹುಟ್ಟಿದ್ದು 1928ರಲ್ಲಿ. ಯುದ್ಧಕಾಲದಲ್ಲಿ, ಇನ್ನೂ ವಿದ್ಯಾರ್ಥಿಯಾಗಿದ್ದಾಗಲೇ ಒಸಾಕಾದ ಕಾರ್ಖಾನೆಯಲ್ಲಿ ದುಡಿದು, 1945ರ ಬಾಂಬ್ ದಾಳಿಯಲ್ಲಿ ಸ್ವಲ್ಪದರಲ್ಲೇ ಬದುಕುಳಿದವರು. 1952ರಲ್ಲಿ ಅವರು ಬರೆಯತೊಡಗಿದ ಚಿತ್ರಕತೆಯ ನಾಯಕ ಒಬ್ಬ ಯಂತ್ರಬಾಲಕ. ಹೆಸರು ಆಟಮ್, ಅಂದರೆ ಪರಮಾಣು! ಹಿರೋಶಿಮಾದ ಬೂದಿ ಆರಿ ಏಳೇ ವರ್ಷಗಳಾಗಿದ್ದವು. ಈ ಹುಡುಗನಿಗೆ ಒಂದು ಲಕ್ಷ ಅಶ್ವಶಕ್ತಿಯ ಬಲ. ಅವನನ್ನು ನಿರ್ಮಿಸಿದ್ದು ಅಪಘಾತದಲ್ಲಿ ಮಗನನ್ನು ಕಳೆದುಕೊಂಡ ವಿಜ್ಞಾನಿ. ಯಂತ್ರ ಬೆಳೆಯುವುದಿಲ್ಲವೆಂದು ತಿಳಿದಾಗ ಆ ತಂದೆಯೇ ಅವನನ್ನು ಸರ್ಕಸ್ಸಿಗೆ ಮಾರಿಬಿಡುತ್ತಾನೆ. ಎಂಥ ಭಾರವನ್ನೂ ಎತ್ತಬಲ್ಲ ಮಗು, ಒಂದಂಗುಲ ಬೆಳೆಯಲಾರದೆ ಅನಾಥವಾಯಿತು. 1963ರ ಜನವರಿ 1ರಂದು ಆಟಮ್ ಟಿ.ವಿ.ಗೆ ಬಂದ. 1966ರ ಕೊನೆಯ ದಿನದ ಕಂತಿನಲ್ಲಿ ಭೂಮಿಯನ್ನುಳಿಸಲು ಸೂರ್ಯನತ್ತ ಹಾರಿಹೋದ.

ಆಟಮ್‌ನ ನೋವು ಬಲದ ಪಕ್ಕದಲ್ಲಿತ್ತು. 1997ರ ‘ಪ್ರಿನ್ಸೆಸ್ ಮೊನೊನೊಕೆ’ಯಲ್ಲಿ ಹಯಾವೊ ಮಿಯಾಝಾಕಿ ಅದನ್ನು ಬಲದ ಒಳಗೇ ಇಟ್ಟರು. ಮೈಯೊಳಗೆ ಕಬ್ಬಿಣದ ಗುಂಡು ಹೊಕ್ಕು ಹುಚ್ಚೆದ್ದ ಕಾಡುಹಂದಿ ದೇವರಿಂದ ಊರನ್ನು ಕಾಪಾಡಲು ಹೋದ ಅಶಿತಾಕಾನ ಬಲಗೈಗೆ ಶಾಪ ತಗಲುತ್ತದೆ. ಆ ಕೈ ಬಿಟ್ಟ ಬಾಣಕ್ಕೆ ವೈರಿಯ ತಲೆ ಹಾರುತ್ತದೆ. ಅದೇ ಕೈಯ ಕಲೆ ಹರಡುತ್ತ ಅವನನ್ನು ಕೊಲ್ಲುತ್ತಿರುತ್ತದೆ. ಬಲ ಯಾವುದು, ರೋಗ ಯಾವುದು, ಬೇರ್ಪಡಿಸುವುದು ಹೇಗೆ?

ಅದೇ ಚಿತ್ರದ ಕಬ್ಬಿಣ ಕಾಯಿಸುವ ಊರಿನಲ್ಲಿ, ಮೈಗೆಲ್ಲ ಬಟ್ಟೆ ಸುತ್ತಿಕೊಂಡ ರೋಗಿಗಳು ಬಂದೂಕು ತಯಾರಿಸುತ್ತಾರೆ. ಅವರು ಕುಷ್ಠರೋಗಿಗಳೆಂದು ಮಿಯಾಝಾಕಿ ಮುಂದೆ ಸ್ಪಷ್ಟವಾಗಿ ಹೇಳಿದರು. ಜಪಾನಿನಲ್ಲಿ ಅಂಥವರನ್ನು ಆಸ್ಪತ್ರೆಗಳಲ್ಲಿ ಪ್ರತ್ಯೇಕವಾಗಿ ಕೂಡಿಹಾಕಲು ಅವಕಾಶ ಕೊಟ್ಟಿದ್ದ ಕಾನೂನು ರದ್ದಾದದ್ದು 1996ರಲ್ಲಿ, ಚಿತ್ರ ತೆರೆಕಾಣುವ ಹಿಂದಿನ ವರ್ಷ. ಸಮಾಜ ಹೊರಗಿಟ್ಟವರ ಕೈಗೇ ಅಲ್ಲಿ ಆಯುಧ ಬಂದಿದೆ. ಆ ಆಯುಧದ ಗುಂಡೇ ಹಂದಿಯ ಮೈ ಹೊಕ್ಕು, ಅಶಿತಾಕಾನ ತೋಳಿಗೆ ಶಾಪವಾಗಿ ಬಂದದ್ದು. ಒಬ್ಬರ ಬಲ ಇನ್ನೊಬ್ಬರ ಗಾಯವಾಗುವ ಈ ಸರಪಳಿಯಲ್ಲಿ ಯಾರನ್ನು ದುಷ್ಟರೆನ್ನೋಣ?

ಕೊನೆಗೆ ಶಾಪ ಇಳಿಯುತ್ತದೆ, ಅಂಗೈಯಲ್ಲಿ ಮಸುಕಾದ ಗುರುತು ಮಾತ್ರ ಉಳಿಯುತ್ತದೆ. ವೈರಿಯ ತಲೆ ಹಾರಿಸಿದ ಬಲ ಹೋಗಿದೆ. ಆಗ ಅಶಿತಾಕಾ ಮಾಡುವುದು ಒಂದೇ ಕೆಲಸ: ಹಾಳಾದ ಊರನ್ನು ಮತ್ತೆ ಕಟ್ಟಲು ಅಲ್ಲೇ ನಿಲ್ಲುತ್ತಾನೆ. ಅದಕ್ಕೆ ಮಾಮೂಲಿ ಮನುಷ್ಯನ ತೋಳು ಸಾಕು.