ದಂಡಿನೊಡನೆ ಬಂದ ಚಿತ್ರಕಾರ

ನಮ್ಮ ಮನೆ ಹಲಸೂರಿನಲ್ಲಿ. ಸೋಮೇಶ್ವರ ದೇವಾಲಯದ ಗಂಟೆಯ ಸದ್ದು ಕೇಳಿಸುವಷ್ಟು ಹತ್ತಿರದಲ್ಲಿ. ಕೆಲವು ವರ್ಷಗಳ ಹಿಂದೆ ಹಳೆಯ ಪುಸ್ತಕಗಳ ಅಂಗಡಿಯೊಂದರಿಂದ ನಾನು ಒಂದು ಮುದ್ರಿತ ಚಿತ್ರವನ್ನು ಕೊಂಡುತಂದೆ. ಬೆಂಗಳೂರಿನ ಕೋಟೆಯೊಳಗಿನ ಟಿಪ್ಪೂ ಸುಲ್ತಾನನ ಅರಮನೆಯ ಚಿತ್ರವದು. ಮೂಲವನ್ನು ಬರೆದವನು ರಾಬರ್ಟ್ ಹೋಮ್ ಎಂಬ ಆಂಗ್ಲ ಚಿತ್ರಕಾರ. ಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಿದಾಗ ನಮ್ಮ ತಾಯಿಯವರು ಬಹಳ ಹೊತ್ತು ನೋಡಿ, “ಚೆನ್ನಾಗಿದೆಯಪ್ಪ. ಆದರೆ ಆಗ ನಮ್ಮ ಹಲಸೂರು ಹೇಗಿತ್ತು? ಅದನ್ನು ಯಾರೂ ಬರೆಯಲಿಲ್ಲವೇ?” ಎಂದು ಕೇಳಿದರು. ಆ ಪ್ರಶ್ನೆಯ ಬೆನ್ನು ಹತ್ತಿ ಹೋದಾಗ ದೊರೆತ ಕೆಲವು ಸಂಗತಿಗಳನ್ನು ನಿಮ್ಮ ಮುಂದೆ ಇಡಬೇಕೆಂಬುದೇ ಈ ಹೊತ್ತಿನ ನನ್ನ ಉದ್ದೇಶ.

ಊರುಗಳ ನೋಟವನ್ನು ಇದ್ದಂತೆ ಬರೆಯುವ ಕಲೆಗೆ 18ನೆಯ ಶತಮಾನದಲ್ಲಿ ಇಟಲಿಯ ವೆನಿಸ್ ನಗರ ಹೆಸರುವಾಸಿಯಾಗಿತ್ತು. ಅಲ್ಲಿನ ಚಿತ್ರಕಾರರಲ್ಲಿ ಹಿರಿಯನೆನಿಸಿದವನು ಕನಲೆಟ್ಟೊ. 1697ರಲ್ಲಿ ಹುಟ್ಟಿದ ಈತನ ಚಿತ್ರಗಳನ್ನು ಕೊಳ್ಳುತ್ತಿದ್ದವರು ಹೆಚ್ಚಾಗಿ ಯಾತ್ರೆಗೆಂದು ಬಂದ ಇಂಗ್ಲಿಷ್ ಶ್ರೀಮಂತರು. ತಾವು ಕಂಡ ಊರನ್ನು ಅವರು ಪಟವಾಗಿ ಮನೆಗೊಯ್ಯುತ್ತಿದ್ದರು. 1740ರಲ್ಲಿ ಯೂರೋಪಿನಲ್ಲಿ ಯುದ್ಧ ಹತ್ತಿಕೊಂಡು ಯಾತ್ರಿಕರ ಬರವು ಕಡಿಮೆಯಾಯಿತು. ಗಿರಾಕಿಗಳು ಬಾರದಿರಲು ಕನಲೆಟ್ಟೊ ತಾನೇ ಅವರಿದ್ದಲ್ಲಿಗೆ ಹೊರಟ. 1746ರಲ್ಲಿ ಲಂಡನ್ನಿಗೆ ಹೋದವನು, ನಡುವೆ ಊರಿಗೆ ಬಂದುಹೋದದ್ದನ್ನು ಬಿಟ್ಟರೆ, ಸುಮಾರು ಒಂಬತ್ತು ವರ್ಷ ಅಲ್ಲಿಯೇ ನಿಂತ. ಥೇಮ್ಸ್ ನದಿಯನ್ನೂ ಆಗ ಕಟ್ಟುತ್ತಿದ್ದ ವೆಸ್ಟ್‌ಮಿನ್‌ಸ್ಟರ್ ಸೇತುವೆಯನ್ನೂ ಬರೆದ. ಈತ ನಿಜವಾದ ಕನಲೆಟ್ಟೊ ಅಲ್ಲವೆಂಬ ಗಾಳಿಮಾತು ಹುಟ್ಟಿದ ಆ ದಿನಗಳಲ್ಲಿಯೇ, 1749ರಲ್ಲಿ, ಮನೆಗೆ ಬಂದು ತನ್ನ ಚಿತ್ರವನ್ನು ನೋಡಿರೆಂದು ಪತ್ರಿಕೆಯಲ್ಲಿ ಪ್ರಕಟಣೆ ಕೊಟ್ಟ. ಪರದೇಶದಲ್ಲಿ ಕುಂಚ ಹಿಡಿದವನ ಪಾಡು ಅಷ್ಟು ಸುಲಭವಾದದ್ದಲ್ಲ.

ಕನಲೆಟ್ಟೊ ಗಿರಾಕಿಗಳನ್ನು ಅರಸಿಕೊಂಡು ಹೋದ. ಬೆಂಗಳೂರಿಗೆ ಬಂದ ಚಿತ್ರಕಾರ ಸೈನ್ಯದ ಹಿಂದೆ ಬಂದ. ವ್ಯತ್ಯಾಸವೆಲ್ಲ ಇಲ್ಲಿದೆ.

ರಾಬರ್ಟ್ ಹೋಮ್ ಹುಟ್ಟಿದ್ದು 1752ರಲ್ಲಿ, ಇಂಗ್ಲೆಂಡಿನ ಹಲ್ ಎಂಬ ಊರಿನಲ್ಲಿ. ರೋಮಿನಲ್ಲಿ ಅಭ್ಯಾಸ ಮಾಡಿ, ಡಬ್ಲಿನ್ನಿನಲ್ಲಿ ಕೆಲಕಾಲವಿದ್ದು, 1791ರ ಆರಂಭದಲ್ಲಿ ಮದರಾಸಿಗೆ ಬಂದಿಳಿದ. ಆಗ ಮೈಸೂರಿನ ಮೂರನೆಯ ಯುದ್ಧ ನಡೆಯುತ್ತಿತ್ತು. ಕಾರ್ನ್‌ವಾಲಿಸನ ಸೈನ್ಯ ಮುಗಳಿ ಕಣಿವೆಯನ್ನು ಹತ್ತಿ, ಕೋಲಾರ, ಹೊಸಕೋಟೆಗಳನ್ನು ದಾಟಿ ಪೂರ್ವದಿಂದ ಬೆಂಗಳೂರಿನ ಮೇಲೆ ಬಂತು. ಕೃಷ್ಣರಾಜಪುರ, ಇಂದಿರಾನಗರ, ಹಲಸೂರುಗಳನ್ನು ಮುಟ್ಟಿಕೊಂಡು ಬರುವ ಇಂದಿನ ಹಳೆಯ ಮದರಾಸು ರಸ್ತೆಯ ದಿಕ್ಕೂ ಅದೇ. ಮಾರ್ಚ್ 7ರಂದು ಪೇಟೆ ಬಿತ್ತು. 21ರ ರಾತ್ರಿ ಕೋಟೆ ಬಿತ್ತು. ಕಿಲ್ಲೇದಾರ ಬಹಾದೂರ್ ಖಾನ್ ಕೋಟೆಯನ್ನು ಕಾಯುತ್ತ ಪ್ರಾಣಬಿಟ್ಟ. ಈ ಯುದ್ಧದ ದಂಡಿನೊಡನೆ ಸಂಚರಿಸಿ ಹೋಮ್ ಬರೆದ ನೋಟಗಳು 1794ರಲ್ಲಿ ಲಂಡನ್ನಿನಲ್ಲಿ ಪುಸ್ತಕವಾಗಿ ಹೊರಬಂದವು. ನಮ್ಮ ಗೋಡೆಯ ಮೇಲಿನ ಚಿತ್ರದ ಮೂಲ ಅಲ್ಲಿದೆ.

ಈ ಕೆಲಸದಲ್ಲಿ ಹೋಮ್ ಒಬ್ಬನೇ ಇರಲಿಲ್ಲ. ಕೋಲ್‌ಬ್ರೂಕ್ ಎಂಬ ಮೋಜಣಿದಾರ, ಅಲೆಗ್ಸಾಂಡರ್ ಅಲನ್ ಎಂಬ ಅಧಿಕಾರಿ, ಫಿರಂಗಿ ದಳದ ಜೇಮ್ಸ್ ಹಂಟರ್ — ಇವರೂ ಅದೇ ಯುದ್ಧದಲ್ಲಿದ್ದು ಅದೇ ನಾಡನ್ನು ಬರೆದರು. ಸೈನಿಕರ ಕೈಗೆ ಕುಂಚ ಹೇಗೆ ಬಂತೆಂದು ನಾವು ಅಚ್ಚರಿಪಡಬೇಕಾಗಿಲ್ಲ. ಇಂಗ್ಲೆಂಡಿನ ವುಲ್ವಿಚ್ ಸೈನಿಕ ಶಾಲೆಯಲ್ಲಿ ಪಾಲ್ ಸ್ಯಾಂಡ್‌ಬಿಯಂಥ ಹೆಸರಾಂತ ಚಿತ್ರಕಾರನೇ ಉಪಾಧ್ಯಾಯನಾಗಿದ್ದ. ಬೆಟ್ಟದ ಏರು, ಕೋಟೆಯ ಮೂಲೆ, ನೀರಿನ ನೆಲೆ ಇವನ್ನು ಸರಿಯಾಗಿ ಬರೆಯಬಲ್ಲ ಕೈ ಸೈನ್ಯಕ್ಕೆ ಬೇಕಾಗಿತ್ತು. ನಕ್ಷೆಯೂ ನೋಟವೂ ಒಂದೇ ವಿದ್ಯೆಯ ಎರಡು ಮುಖಗಳು.

ಈ ಪುಸ್ತಕಗಳ ಹಾಳೆಗಳನ್ನು ಒಂದೊಂದಾಗಿ ತಿರುವಿದಂತೆ ನಮ್ಮ ತಾಯಿಯವರ ಪ್ರಶ್ನೆಗೆ ಉತ್ತರ ತಾನಾಗಿಯೇ ಹೊಳೆಯಿತು. ಬೆಂಗಳೂರಿನ ಕೋಟೆ, ಅರಮನೆ, ಸಾವನದುರ್ಗ, ಶಿವಗಂಗೆ, ಹುತ್ರಿದುರ್ಗ: ಹೆಚ್ಚಿನವು ಗೆದ್ದ ಸ್ಥಳಗಳು ಅಥವಾ ಗೆಲ್ಲುವ ದಾರಿಯಲ್ಲಿ ಎದುರಾದ ಸ್ಥಳಗಳು. ಸಾವನದುರ್ಗದ ಬಂಡೆ ಸುಂದರವೆಂಬುದು ನಿಜ. ಆದರೆ ಅದು ಚಿತ್ರವಾದದ್ದು 1791ರ ಡಿಸೆಂಬರಿನಲ್ಲಿ ಕೈವಶವಾದುದರಿಂದ. ಹಲಸೂರಿನಲ್ಲಿ ಗೆಲ್ಲಬೇಕಾದ ಕೋಟೆಯಿರಲಿಲ್ಲ. ಕೆರೆ, ದೇವಾಲಯ, ಕೆಂಪೇಗೌಡನ ಗೋಪುರ ಇವಿದ್ದ ಊರು ಅದು. ಪೇಟೆಯ ಪೂರ್ವದ ಬಾಗಿಲಿಗೆ ತನ್ನ ಹೆಸರನ್ನು ಕೊಟ್ಟಿತ್ತು, ಅಷ್ಟೆ. ದಂಡಿಗೆ ಅದು ದಾರಿಯ ಮಗ್ಗುಲಿನ ಹಳ್ಳಿಯೇ ಹೊರತು ಕಣ್ಣು ನೆಡಬೇಕಾದ ಗುರಿಯಾಗಿರಲಿಲ್ಲ. ಮುಂದೆ 1809ರಲ್ಲಿ ಶ್ರೀರಂಗಪಟ್ಟಣದಿಂದ ಸೈನ್ಯವನ್ನು ತಂದು ಹಲಸೂರಿನ ಬಳಿಯೇ ನೆಲೆಗೊಳಿಸಿದರು. ಬಂದುಹೋಗುವ ದಂಡು ಹೀಗೆ ನಿಂತ ದಂಡಾಯಿತು. ‘ದಂಡು’ ಎಂಬುದೇ ನಮ್ಮ ಪ್ರದೇಶದ ಹೆಸರಾಯಿತು.

ಹೋಮ್ ಬರೆದ ದೊಡ್ಡ ಚಿತ್ರಗಳಲ್ಲೊಂದು ಪೇಟೆಯ ಬಾಗಿಲಿನಲ್ಲಿ ಕರ್ನಲ್ ಮೂರ್‌ಹೌಸ್ ಮಡಿದ ಪ್ರಸಂಗ. ಗೆಳೆಯರ ನಡುವೆ ವೀರನೊಬ್ಬ ಒರಗಿರುವ ಗಂಭೀರವಾದ ದೃಶ್ಯ. ಅದೇ ತಿಂಗಳು ಮಡಿದ ಬಹಾದೂರ್ ಖಾನನಿಗೆ ಅಂಥ ಪಟದ ಗೌರವ ಹೋಮನಿಂದ ಸಲ್ಲಲಿಲ್ಲ. ಟಿಪ್ಪುವಿನ ಇಬ್ಬರು ಮಕ್ಕಳನ್ನು ಒತ್ತೆಯಾಗಿ ಕಾರ್ನ್‌ವಾಲಿಸನಿಗೆ ಒಪ್ಪಿಸಿದ 1792ರ ಪ್ರಸಂಗವನ್ನೂ ಆತ ಬರೆದ. ಆ ಚಿತ್ರದ ಎಡತುದಿಯಲ್ಲಿ, ಚಿತ್ರಗಳ ಕಟ್ಟನ್ನು ಹಿಡಿದು ನಿಂತಿರುವವನು ಸ್ವತಃ ಹೋಮ್. ತಾನು ಯಾವ ಗುಂಪಿನ ನಡುವೆ ನಿಂತು ನೋಡಿದೆನೆಂಬುದನ್ನು ಆತ ಮರೆಮಾಡಲಿಲ್ಲ. ಈ ಒಂದು ಪ್ರಾಮಾಣಿಕತೆಯನ್ನು ನಾನು ಮೆಚ್ಚುತ್ತೇನೆ.

ಹಾಗೆಂದು ಈ ಚಿತ್ರಗಳನ್ನು ಗೋಡೆಯಿಂದ ತೆಗೆದುಹಾಕಬೇಕೆ? ಹಾಗೆ ನನಗೆ ತೋರುವುದಿಲ್ಲ. ಇಂದು ಕೋಟೆಯಲ್ಲಿ ಉಳಿದಿರುವುದು ದಿಲ್ಲಿ ಬಾಗಿಲು ಮತ್ತು ಅದರ ಆಸುಪಾಸಿನ ಗೋಡೆ. ಅರಮನೆಯಲ್ಲಿಯೂ ಒಂದು ಭಾಗ ಮಾತ್ರ. ಕಂದಕ ಮುಚ್ಚಿಹೋಯಿತು, ಉಳಿದ ಗೋಡೆಗಳು ನೆಲಸಮವಾದವು. ಇಲ್ಲವಾದುದನ್ನು ಕಣ್ಣಾರೆ ಕಾಣಬೇಕಾದರೆ ಅದನ್ನು ಮುರಿಯಲು ಬಂದವರ ಜೊತೆಯವನ ಕಾಗದವನ್ನೇ ನಾವು ಬಿಡಿಸಬೇಕಾಗಿದೆ. ಇದು ನೋವಿನ ಸಂಗತಿ; ಆದರೂ ಕೃತಜ್ಞತೆಗೆ ಅರ್ಹವಾದ ಸಂಗತಿ. ಚಿತ್ರವನ್ನು ನೋಡುವಾಗ ಅದರಲ್ಲಿ ಏನಿದೆಯೆಂದು ಕೇಳುವ ಜೊತೆಗೆ, ಬರೆದವನು ಎಲ್ಲಿ ನಿಂತಿದ್ದನೆಂದೂ ಕೇಳಿದರೆ ಸಾಕು.

ಇದನ್ನೆಲ್ಲ ತಾಯಿಯವರಿಗೆ ವಿವರಿಸಿದೆ. ಅವರು ನಕ್ಕು, “ಹಾಗಾದರೆ ನಾವೇ ಹೇಳಿಕೊಳ್ಳಬೇಕು” ಎಂದರು. ಆಮೇಲೆ ತಮ್ಮ ಬಾಲ್ಯದ ಕೆರೆಯ ಏರಿ, ತೇರಿನ ಬೀದಿ, ತರಕಾರಿ ತೋಟಗಳು ಯಾವ ಯಾವ ಕಡೆಗಿದ್ದುವೆಂದು ಬೆರಳಿನಿಂದ ಗಾಳಿಯಲ್ಲಿ ಗೆರೆ ಎಳೆಯುತ್ತ ಹೇಳತೊಡಗಿದರು. ನಾನು ಒಂದು ಕಾಗದ ತೆಗೆದುಕೊಂಡು ಗುರುತು ಹಾಕಿಕೊಂಡೆ. ನನಗೆ ಚಿತ್ರ ಬರೆಯಲು ಬಾರದು. ಆದರೂ ಆ ಕಾಗದವನ್ನು ಹೋಮನ ಅರಮನೆಯ ಪಕ್ಕದಲ್ಲಿಯೇ ತೂಗುಹಾಕಿದ್ದೇನೆ.

(ಬಾನುಲಿ ಭಾಷಣ)