ಜಾಣ ಕುದುರೆಯ ಪರೀಕ್ಷೆ

ಮನಶ್ಶಾಸ್ತ್ರದ ಪ್ರಯೋಗಗಳಲ್ಲಿ ಪರೀಕ್ಷಕನಿಗೆ ನಿರೀಕ್ಷಿತ ಉತ್ತರವು ತಿಳಿದಿರಬಾರದೆಂಬ ನಿಯಮವುಂಟು. ಇದು ಪರೀಕ್ಷಕನ ಪ್ರಾಮಾಣಿಕತೆಯನ್ನು ಶಂಕಿಸಿ ಹುಟ್ಟಿದುದೆಂದು ವಿದ್ಯಾರ್ಥಿಗಳು ಭಾವಿಸುವುದುಂಟು. ಬರ್ಲಿನ್ ನಗರದ ‘ಜಾಣ ಹಾನ್ಸ್’ ಎಂಬ ಕುದುರೆಯ ವೃತ್ತಾಂತವು ನಮಗೆ ಬೇರೊಂದು ಕಾರಣವನ್ನು ತೋರಿಸುತ್ತದೆ.

ನಿವೃತ್ತ ಉಪಾಧ್ಯಾಯನಾದ ಫಾನ್ ಓಸ್ಟೆನ್ ಸಾಕಿದ ಈ ಕುದುರೆಯು ಲೆಕ್ಕಗಳಿಗೆ ಗೊರಸಿನಿಂದ ನೆಲವನ್ನು ತಟ್ಟಿ ಉತ್ತರವೀಯುತ್ತಿತ್ತು. 1904ರ ಸೆಪ್ಟೆಂಬರಿನಲ್ಲಿ 13 ಮಂದಿಯ ಸಮಿತಿಯೊಂದು ಪರಿಶೀಲಿಸಿ, ಇದರಲ್ಲಿ ಕಪಟವಿಲ್ಲವೆಂದೂ ವಿಷಯವು ಗಂಭೀರವಾದ ಶಾಸ್ತ್ರೀಯ ಶೋಧನೆಗೆ ಅರ್ಹವೆಂದೂ ತಿಳಿಸಿತು. ಈ ಪರಿಶೀಲನೆಯನ್ನು ನಾವು ಪೂರ್ವಭಾವಿ ಪರೀಕ್ಷೆಯೆಂದು ಎಣಿಸಬಹುದು. ಅದು ಕೊನೆಯ ನಿರ್ಣಯವನ್ನು ಕೊಡಲಿಲ್ಲ. ಮುಂದೆ ಕೇಳಬೇಕಾದ ಪ್ರಶ್ನೆಗೆ ದಾರಿಮಾಡಿತು.

ಆ ಪ್ರಶ್ನೆಯನ್ನು ಕೈಗೆತ್ತಿಕೊಂಡವನು ಪ್ರಾಧ್ಯಾಪಕ ಸ್ಟುಂಪ್ಫನ ಶಿಷ್ಯನಾದ ಆಸ್ಕರ್ ಫುಂಗ್‌ಸ್ಟ್. ಪ್ರಶ್ನಿಸುವವನಿಗೆ ಉತ್ತರವು ತಿಳಿದಿರುವ ಪರೀಕ್ಷೆಗಳನ್ನೂ ತಿಳಿಯದಿರುವ ಪರೀಕ್ಷೆಗಳನ್ನೂ ನಡೆಸಿ ಅವನು ಫಲಗಳನ್ನು ಹೋಲಿಸಿದನು. ಉತ್ತರವು ತಿಳಿಯದಿದ್ದಾಗಲೂ, ಕಣ್ಣುಪಟ್ಟಿಯಿಂದಾಗಿ ಪ್ರಶ್ನಿಸುವವನು ಕಾಣದಿದ್ದಾಗಲೂ ಕುದುರೆಯು ಬಹುಮಟ್ಟಿಗೆ ತಪ್ಪಿತು. ಸರಿಯಾದ ಸಂಖ್ಯೆ ಬಂದೊಡನೆ ಪ್ರಶ್ನಿಸಿದವನ ತಲೆಯು ತುಸುವೇ ಮೇಲೇಳುತ್ತಿತ್ತು. ಹಾನ್ಸ್ ಅದನ್ನು ಕಂಡು ತಟ್ಟುವುದನ್ನು ನಿಲ್ಲಿಸುತ್ತಿತ್ತು. ಬಳಿಕ ಫುಂಗ್‌ಸ್ಟ್ ಪ್ರಯೋಗಶಾಲೆಯಲ್ಲಿ ತಾನೇ ಕುದುರೆಯ ಪಾತ್ರವನ್ನು ವಹಿಸಿ, ಇತರರು ಮನಸ್ಸಿನಲ್ಲಿಟ್ಟ ಸಂಖ್ಯೆಗಳನ್ನು ತಟ್ಟಿ ತೋರಿಸಿದನು. ತಮ್ಮ ಚಲನೆಯ ಅರಿವು ಅವರಲ್ಲಿ ಹೆಚ್ಚಿನವರಿಗೆ ಇರಲಿಲ್ಲ. ಈ ಶೋಧನೆಯ ವರದಿಯು 1907ರಲ್ಲಿ ಪ್ರಕಟವಾಯಿತು.

ಇಲ್ಲಿ ಯಾರೂ ವಂಚಿಸಲಿಲ್ಲ. ಆದರೂ ಎಲ್ಲರೂ ವಂಚಿತರಾದರು. ಆದುದರಿಂದ ಪರೀಕ್ಷಕನಿಂದ ಉತ್ತರವನ್ನು ಮರೆಮಾಡುವುದು ಅವನಿಗೆ ಅಪಮಾನವಲ್ಲ. ಪ್ರಾಮಾಣಿಕನನ್ನು ಅವನ ಅರಿವಿಗೆ ಬಾರದ ತಪ್ಪಿನಿಂದ ಕಾಪಾಡುವ ಉಪಾಯವೇ ಅದೆಂದು ನಾವು ತಿಳಿಯಬೇಕು.